ಲೀಲಕ್ಕನ ಬೆಲ್ಲ, ನೀರು

ಇವತ್ತು ಬೆಳಿಗ್ಗೆ ದರ್ಬೆಯ ನಮ್ಮ ಮನೆಗೆ ಗ್ಯಾಸ್ ಒಲೆ ರಿಪೇರಿಯವ ಬಂದಿದ್ದ. ಹೆಂಡತಿ ರೂಢಿಯಂತೆ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಜೊತೆಗೆ ಒಂದು ಲೋಟ ನೀರು ತಂದಿಟ್ಟಳು. ಅವನು ಬೆಲ್ಲ ಬಾಯಿಗೆ ಹಾಕಿ, ನೀರು ಗಟಗಟ ಕುಡಿದು ಒಲೆಯ ಕಡೆ ತಿರುಗಿದ. ಇಷ್ಟು ಸುಲಭದ ಕೆಲಸ ನೋಡಿ, ಒಬ್ಬ ಸರಕಾರಿ ಅಧಿಕಾರಿಗೆ ಒಮ್ಮೆ ಅರ್ಧ ಗಂಟೆ ಕೂತರೂ ಆಗಿರಲಿಲ್ಲ.

ನಾನು ಅರ್ಜಿ ಬರೆಯುವವ. ನನ್ನ ಅರ್ಜಿಗಳಲ್ಲಿ ವಿಷಯಕ್ಕಿಂತ ವಿಶೇಷಣವೇ ಹೆಚ್ಚೆಂದು ಗುಮಾಸ್ತರು ನಗುತ್ತಾರೆ, ನಗಲಿ. ನಾಲ್ಕು ವರ್ಷದ ಹಿಂದೆ ಕಡಬ ಕಡೆಯ ಒಂದು ದಲಿತ ಕಾಲನಿಯಿಂದ ಬೀಡಿ ಕಟ್ಟುವ ಲೀಲಕ್ಕ ಬಂದರು, ನನಗೆ ಹಳೆಯ ಗುರುತು. ಕೈಯಲ್ಲಿದ್ದ ಹಿಡಿಕೆಯ ತೂಗುಪಾತ್ರೆಯಲ್ಲಿ ಅವರ ಬಾವಿಯ ನೀರು, ಚಹಾದ ಬಣ್ಣ. ಕೋಳಿ ಅಂಗಡಿಯ ಪುಕ್ಕದಿಂದ ಹಿಡಿದು ಮದುವೆ ಮಂಟಪದ ಎಂಜಲೆಲೆಯವರೆಗೆ ಊರಿನ ಕಸವೆಲ್ಲ ಬೀಳುವುದು ಕಾಲನಿಯ ಮೇಲಿನ ಗುಡ್ಡೆಯಲ್ಲಿ. ಮೊದಲು ಪಂಚಾಯತಿನವರು ಬೇರೆ ಮೂರು ಜಾಗ ನೋಡಿದ್ದರಂತೆ. ಮೂರು ಕಡೆಯೂ ಅಲ್ಲಿಯವರು ಬೇಡವೆಂದರು. ಕಾಲನಿಯವರನ್ನು ಯಾರೂ ಕೇಳಲಿಲ್ಲ, ಹಾಗಾಗಿ ಆಕ್ಷೇಪಣೆಯೇ ಇಲ್ಲವೆಂದು ದಾಖಲೆಯಾಯಿತು. ಹದಿನಾಲ್ಕು ಮನೆಗೆ ಇರುವುದು ಅದೊಂದೇ ಬಾವಿ. ಲೀಲಕ್ಕನ ಮೊಮ್ಮಗಳ ಮೈಯೆಲ್ಲ ತುರಿಕೆ ಎದ್ದಿತ್ತು.

ನನಗೆ ಹುರುಪು ಬಂತು. ಜೀವಿಸುವ ಹಕ್ಕು, ಸಮಾನತೆ, ಶುದ್ಧ ಪರಿಸರ, ಕೊನೆಗೆ ಅಸ್ಪೃಶ್ಯತೆ ತಡೆಯುವ ಕಾನೂನು, ಅರ್ಜಿಯಲ್ಲಿ ಯಾವುದನ್ನೂ ಬಿಡಲಿಲ್ಲ.

ತನಿಖೆಯ ದಿನ ಗೊತ್ತಾಯಿತು. ದೊಡ್ಡವರು ಬರುವಾಗ ಸ್ವಲ್ಪ ಚೊಕ್ಕವಾಗಿರಲಿ ಎಂದು ಹೇಳಿ ಕಳಿಸಿದ ಮಹಾನುಭಾವ ನಾನೇ. ಮನೆಗೆ ಯಾರೋ ಬರುತ್ತಾರೆಂದರೆ ನಮ್ಮ ಕಡೆಯವರಿಗೆ ಬೇರೇನೂ ಕಾಣುವುದಿಲ್ಲ. ಕಾಲನಿಯವರು ಅಂಗಳ ಸಾರಿಸಿದರು, ಮನೆಮನೆಯಲ್ಲೂ ಸಾಂಬ್ರಾಣಿ ಹೊಗೆ ಹಾಕಿದರು, ಕಸದ ರಾಶಿಗೆ ತಾವೇ ಮಣ್ಣು ಹೊತ್ತು ಹಾಕಿ ಮೇಲೆ ಸೊಪ್ಪು ಹೊದೆಸಿದರು. ಆ ಬಾವಿಯ ನೀರನ್ನು ಬಂದವರಿಗೆ ಕೊಡುವುದುಂಟೇ? ಬೆಲ್ಲದ ಜೊತೆ ಅಂಗಡಿಯ ಬಾಟಲಿ ನೀರು ಕೊಟ್ಟರು. ವರದಿ ಬಂತು: ದುರ್ವಾಸನೆ ಇಲ್ಲ, ಸುವಾಸನೆ ಇದೆ, ನಿವಾಸಿಗಳು ಬಾಟಲಿ ನೀರು ಬಳಸುವಷ್ಟು ಅನುಕೂಲಸ್ಥರು.

ಲೀಲಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದರು. "ಇನ್ನೊಂದು ಅರ್ಜಿ ಬರೀರಿ. ಈ ಸಲ ಎಂತ ಮಾಡ್ಬೇಕೂಂತ ನೀವು ಹೇಳುದು ಬೇಡ" ಎಂದರು.

ಎರಡನೆಯ ತನಿಖೆಗೆ ನಾನೂ ಹೋಗಿದ್ದೆ. ಸಾಂಬ್ರಾಣಿ ಇರಲಿಲ್ಲ. ಅಧಿಕಾರಿ ಮೂಗಿಗೆ ಕರ್ಚೀಫು ಹಿಡಿದುಕೊಂಡೇ, ಅಂಥದ್ದೇನೂ ಇಲ್ಲವಲ್ಲ ಎನ್ನುತ್ತ ಜಗಲಿಯಲ್ಲಿ ಕೂತರು. ಲೀಲಕ್ಕ ಬೆಲ್ಲ ಇಟ್ಟರು, ಬಾವಿಯ ನೀರನ್ನೂ ಇಟ್ಟರು. ಲೋಟದ ತಳ ಕಾಣುತ್ತಿರಲಿಲ್ಲ. ಕುಡಿದರೆ ಹೊಟ್ಟೆಗೆ ಆಪತ್ತು. ಬೇಡವೆಂದರೆ ಕಾಲನಿಯ ಮನೆಯಲ್ಲಿ ನೀರು ಮುಟ್ಟಲಿಲ್ಲವೆಂಬ ಮಾತು. ಆ ಕಾನೂನಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿದ್ದ ನನ್ನ ಅರ್ಜಿ ಅವರ ತೊಡೆಯ ಮೇಲೆಯೇ ಇತ್ತು. ಬಾಯಾರಿಕೆ ಇಲ್ಲ ಎಂದರು. ಆಮೇಲೆ ಇವತ್ತು ಉಪವಾಸ ಎಂದರು; ಬೆಲ್ಲ ಆಗಲೇ ಬಾಯಲ್ಲಿತ್ತು.

"ನಾನು ಜಾತಿಗೀತಿ ನೋಡುವವನಲ್ಲಮ್ಮ."

"ಗೊತ್ತುಂಟು ಸರ್. ಮತ್ತೆ ಯಾಕೆ ಕುಡಿಯುದಿಲ್ಲ? ಅದನ್ನೇ ಬರೀರಿ."

ಅವರು ಅಲ್ಲೇ ಕೂತು ಬರೆದರು: ನೀರು ಕುಡಿಯಲು ಯೋಗ್ಯವಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆಗಲೇ ನೋಡಿದ್ದು, ನನ್ನ ಮುಂದೆಯೂ ಒಂದು ಲೋಟ ಇತ್ತು. ಲೀಲಕ್ಕ ಅದನ್ನು ಮೆಲ್ಲಗೆ ಎತ್ತಿಕೊಂಡರು. "ನಿಮ್ಮದು ಚೀಲದಲ್ಲಿ ಉಂಟಲ್ಲ" ಎಂದರು.

ಆ ಕಾಲನಿಗೆ ನಾನು ಮೊದಲು ಹೋದದ್ದು ಇಪ್ಪತ್ತು ವರ್ಷದ ಹಿಂದೆ, ರೇಷನ್ ಕಾರ್ಡಿನ ಅರ್ಜಿಗಾಗಿ. ಆಗ ಗುಡ್ಡೆಯಲ್ಲಿ ಕಸ ಇರಲಿಲ್ಲ, ಬಾವಿ ತಿಳಿಯಾಗಿತ್ತು. ಬಾಟಲಿ ಮಾತ್ರ ಆಗಲೂ ನನ್ನ ಚೀಲದಲ್ಲಿತ್ತು. ನಾಚಿಕೆಯಾಗುತ್ತದೆ, ಇನ್ನೇನು ಹೇಳಲಿ.

ಕಸ ತೆಗೆಸಿ, ಬಾವಿಯ ಕೆಸರು ಎತ್ತಿಸಿ ಎರಡು ಮಳೆಗಾಲ ಆಯಿತು. ನೀರು ಪರೀಕ್ಷೆಯಲ್ಲಿ ಪಾಸಾಗಿದೆ, ಒಮ್ಮೆ ಬನ್ನಿ ಎಂದು ಲೀಲಕ್ಕ ಫೋನಿನಲ್ಲಿ ಕರೆಯುತ್ತಲೇ ಇದ್ದಾರೆ. ಪುರುಸೊತ್ತಿಲ್ಲ ಎನ್ನುತ್ತಿದ್ದೆ, ಇಲ್ಲದೆ ಇದ್ದದ್ದು ಧೈರ್ಯ.

ಒಲೆಯವ ಹೋದ ಮೇಲೆ ಚೀಲ ಹೆಗಲಿಗೆ ಹಾಕಿ ಹೊರಟೆ. ನೀರಿನ ಬಾಟಲಿ ಮೇಜಿನ ಮೇಲೇ ಮರೆತಿರಲ್ಲ ಎಂದು ಹೆಂಡತಿ ಹಿಂದಿನಿಂದ ಕರೆದಳು. ಮರೆತದ್ದಲ್ಲ ಎಂದು ಹೇಳಿ ಕಡಬದ ಬಸ್ಸಿಗೆ ಓಡಿದೆ.