ಅಕ್ಕನ ಬಣ್ಣ

ಅಜ್ಜಂಪುರದಲ್ಲಿ ನಾನು ಕಂಪ್ಯೂಟರಿನಲ್ಲಿ ಮುಖಗಳನ್ನು ಬರೆದುಕೊಡುತ್ತೇನೆ. ಫೋಟೋದ ಮೇಲೆ ಗೆರೆ ಎಳೆದು, ಮುಖವನ್ನು ಬಣ್ಣದ ತುಂಡುಗಳಾಗಿ ಬಿಡಿಸಿ ಮತ್ತೆ ಕೂಡಿಸುವ ವೆಕ್ಟರ್ ಚಿತ್ರ. ಮದುವೆಯಿರಲಿ, ತಿಥಿಯಿರಲಿ, ಗಿರಾಕಿಗಳು ಕೇಳುವುದು ಒಂದೇ: ಸ್ವಲ್ಪ ಬೆಳ್ಳಗೆ ಮಾಡಿ. ಮೈಯೆಲ್ಲ ಉರಿಯುತ್ತದೆ. ಆದರೂ ಮಾಡುತ್ತೇನೆ, ಹೊಟ್ಟೆಪಾಡು.

ಮದುವೆಯಾಗದೆ ಉಳಿದಿದ್ದ ಅಕ್ಕ ಜ್ವರದಲ್ಲಿ ಹೋದಳು. ವರ್ಷದ ತಿಥಿಗೆ ಅವಳ ಚಿತ್ರ ಬರೆಯೋಣವೆಂದರೆ, ನಿಜವಾದ ಬಣ್ಣದ ಒಂದು ಫೋಟೋವೂ ಸಿಗಲಿಲ್ಲ. ಇದ್ದವೆಲ್ಲ ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದವು, ಸ್ಟುಡಿಯೋದವನು ಬಿಳುಪು ಮಾಡಿಕೊಟ್ಟವು. ಅವನ್ನು ನೋಡಿ ತರೀಕೆರೆಯಿಂದ, ಕಡೂರಿನಿಂದ ಬಂದವರು ಎದುರಿಗೆ ಅಕ್ಕನನ್ನು ನೋಡಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಎಂದು ಎದ್ದುಹೋಗುತ್ತಿದ್ದರು.

ಅಕ್ಕನದು ಅವ್ವನದೇ ಬಣ್ಣ. ಅವ್ವನನ್ನು ಜಗಲಿಯ ಬೆಳಕಿಗೆ ಕೂರಿಸಿ, ಯಾಕೆಂದು ಹೇಳದೆ ಮುಂಗೈಯ ಫೋಟೋ ತೆಗೆದೆ. ಅದರಿಂದಲೇ ಬಣ್ಣ ಎತ್ತಿಕೊಂಡೆ. ನೆರಳಿಗೆ ನೇರಳೆ ಬೆರೆತ ಕಂದು, ಕೆನ್ನೆಗೆ ಇಟ್ಟಿಗೆಯ ಕೆಂಪು. ಕಪ್ಪಗಿರುವವರಿಗೆ ಒಪ್ಪುವುದಿಲ್ಲವೆಂದು ಯಾರೂ ಅವಳಿಗೆ ಕೊಡಿಸದ ಅರಿಶಿನ ಬಣ್ಣದ ಸೀರೆ ಉಡಿಸಿದೆ. ಹಿಂದೆ ದಟ್ಟ ಹಸಿರು ತುಂಬಿದೊಡನೆ ಬಣ್ಣಗಳೆಲ್ಲ ಒಂದಕ್ಕೊಂದು ಹೊಂದಿಕೊಂಡವು, ಅಕ್ಕ ಬಂದು ಎದುರಿಗೆ ಕೂತಳು. ಇಷ್ಟು ಚಂದ ಇದ್ದೀಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಬೆಳ್ಳಗೆ ಮಾಡು ಎಂದಳು. ನಾನು ಜಗಳಕ್ಕೇ ನಿಂತೆ. ಅಕ್ಕ ಇದ್ದದ್ದೇ ಹೀಗೆ, ನಿನ್ನ ಕೈ ನೋಡಿಯೇ ಬಣ್ಣ ಹಾಕಿದ್ದು ಎಂದೆ. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ ಬಣ್ಣ ಅವ್ಳಿಗೆ ಹಾಕ್ಬೇಡ ಕಣೇ. ಬದುಕಿದ್ದಾಗ ಕೊಟ್ಟಿದ್ದೇ ಸಾಕು."

ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಮೂಲದ ಒಂದು ಬಣ್ಣ ಬದಲಿಸಿದರೆ ಸಾಕು, ಮುಖದ ತುಂಡುಗಳೆಲ್ಲ ಒಟ್ಟಿಗೆ ಬಿಳಿಚಿಕೊಳ್ಳುತ್ತವೆ. ಬಿಳಿಚಿಕೊಂಡವು. ಆ ಮುಖಕ್ಕೆ ಅರಿಶಿನ ಕಣ್ಣು ಕುಕ್ಕಿತು, ಸೀರೆಯನ್ನು ತಿಳಿ ಗುಲಾಬಿ ಮಾಡಿದೆ. ಹಸಿರು ಭಾರವೆನಿಸಿತು, ಅದನ್ನೂ ತೆಗೆದುಹಾಕಿದೆ. ಬಣ್ಣ ಹೊಂದಿಸುವುದು ನನಗೆ ಗೊತ್ತಿದ್ದ ಕೆಲಸ, ಅದನ್ನು ಚೆನ್ನಾಗಿಯೇ ಮಾಡಿದೆ.

ತಿಥಿಯ ದಿನ ಬಂದವರೆಲ್ಲ ಚಿತ್ರ ಲಕ್ಷಣವಾಗಿದೆ ಎಂದರು. ಅವ್ವ ಹಾರ ಹಾಕಿ, ವರ್ಷದಲ್ಲಿ ಮೊದಲ ಸಲ ನೆಮ್ಮದಿಯಿಂದ ನಿಂತಳು. ನನ್ನ ಸರದಿ ಬಂದಾಗ ಕೈ ಮುಗಿದು ಬಗ್ಗಿದೆ. ಯಾರಿಗೆಂದು ಗೊತ್ತಾಗಲಿಲ್ಲ.