ಅಕ್ಕನ ಮನೆಗೆ ಒಂಬೈನೂರು ಚಿತ್ರ

ಆತನನ್ನು ಕಚೇರಿಯಲ್ಲಿ ಎಲ್ಲರೂ ಆಲ್ಬಮ್ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಆತ ಅದನ್ನು ಹೊಗಳಿಕೆಯೆಂದು ತಿಳಿದಿದ್ದರಿಂದ ಯಾರಿಗೂ ಮುಜುಗರವಾಗಲಿಲ್ಲ. ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಒಳಾಂಗಣ ವಿನ್ಯಾಸದ ಕಚೇರಿಯಲ್ಲಿ ಆತ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದ. ಅಷ್ಟು ವರ್ಷದಲ್ಲಿ ಮುಗಿಸಿಕೊಟ್ಟ ಮನೆಗಳು ನಾಲ್ಕು. ಅವುಗಳಲ್ಲಿ ಎರಡನ್ನು ಮನೆಯವರೇ ಬೇಸತ್ತು ಮುಗಿಸಿಕೊಂಡಿದ್ದರು.

ಹಾಗಂತ ಸೋಮಾರಿಯಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಂಪ್ಯೂಟರಿನ ಮುಂದೆ ಕೂತರೆ ಊಟಕ್ಕೂ ಯಾರಾದರೂ ಎಬ್ಬಿಸಬೇಕು. ಕಂಡಕಂಡ ಮನೆಗಳ ಚಿತ್ರಗಳನ್ನು ತಂದು, ಗೋಡೆಗೆ ಅಂಟಿಸಿದ ಹಾಗೆ ಒಂದೊಂದು ಬೋರ್ಡಿನ ಮೇಲೆ ಜೋಡಿಸಿಡುವ ಸಾಫ್ಟ್‌ವೇರ್ ಒಂದಿತ್ತು. ಅದರಲ್ಲಿ ಆತನದು ಅರವತ್ತೆರಡು ಬೋರ್ಡುಗಳು. ಬಾಗಿಲ ಹಿಡಿಕೆಗೇ ಒಂದು. ಅದರೊಳಗೆ ‘ಹಿತ್ತಾಳೆ’, ‘ಹಿತ್ತಾಳೆಯಂತೆ ಕಾಣುವುದು’, ‘ಹಿತ್ತಾಳೆಯೇ ಆದರೂ ಹಾಗೆ ಕಾಣದ್ದು’ ಎಂದು ಮೂರು ಫೋಲ್ಡರು. ಆತನ ಸ್ವಂತ ಮನೆಯ ಬಚ್ಚಲಿನ ಬಾಗಿಲಿಗೆ ಹಿಡಿಕೆಯಿರಲಿಲ್ಲ. ಹೆಂಡತಿ ಒಂದು ಹಗ್ಗ ಕಟ್ಟಿಕೊಂಡಿದ್ದಳು.

ಆತನ ಅಕ್ಕ ಬಟ್ಟೆ ಹೊಲಿಯುವವಳು. ಅಮ್ಮ ಬಿದ್ದು ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಮೇಲೆ, ಮೆಟ್ಟಿಲು ಹತ್ತುವ ಮನೆ ಬಿಟ್ಟು ನೆಲಮಹಡಿಯಲ್ಲಿ ಎರಡು ಕೋಣೆಯ ಹಳೆಯ ಮನೆಯೊಂದನ್ನು ತೆಗೆದುಕೊಂಡಳು. ಮನೆಯಲ್ಲೇ ಒಬ್ಬ ಪರಿಣತ ಇರುವಾಗ ಹೊರಗಿನವರೇಕೆ ಎಂದು ತಮ್ಮನಿಗೇ ಕೆಲಸ ಒಪ್ಪಿಸಿದಳು. ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಅಮ್ಮನ ಕುರ್ಚಿ ಎಲ್ಲ ಕಡೆ ಓಡಾಡುವಷ್ಟು ಜಾಗ, ಬಟ್ಟೆ ಒಣಹಾಕಲು ಒಂದು ಮೂಲೆ ಎಂದು ಮೂರು ಸಾಲು ಬರೆದು ಚೀಟಿ ಕೊಟ್ಟಳು. ಆತ ಚೀಟಿಯ ಫೋಟೋ ತೆಗೆದು ‘ಗ್ರಾಹಕರ ಭಾವನೆಗಳು’ ಎಂಬ ಫೋಲ್ಡರಿಗೆ ಹಾಕಿದ.

ಕೆಲಸ ಭರದಿಂದ ಸಾಗಿತು. ಮೊದಲ ತಿಂಗಳು ಯೋಜನೆಗೆ ‘ಹಗುರ’ ಎಂದು ಹೆಸರಿಟ್ಟ. ಎರಡನೆಯ ತಿಂಗಳು ಆ ಹೆಸರು ಭಾರವೆನಿಸಿ ‘ಉಸಿರು’ ಎಂದು ಬದಲಾಯಿಸಿದ. ಅಕ್ಕ ಫೋನು ಮಾಡಿದಾಗಲೆಲ್ಲ ಒಂದು ಲಿಂಕ್ ಕಳಿಸುತ್ತಿದ್ದ. ಅದನ್ನು ಒತ್ತಿದರೆ ಯಾವುದೋ ಸರೋವರದ ದಂಡೆಯ ಬಂಗಲೆ ಕಾಣುತ್ತಿತ್ತು. ಅಳತೆ ಬೇಕು ಎಂದು, ಈ ಮನೆಯ ಕೆಲಸಕ್ಕೆ ಗೊತ್ತಾಗಿದ್ದ ಬಡಗಿ ಎರಡು ಸಲ ಕಚೇರಿಗೆ ಬಂದು ಹೋದ. ಅಳತೆ ಮೂರನೆಯ ಹಂತದಲ್ಲಿ, ಈಗ ನಾವಿರುವುದು ಭಾವದ ಹಂತದಲ್ಲಿ ಎಂದು ಆತ ವಿವರಿಸಿದ. ಬಡಗಿ ತಲೆ ಕೆರೆದುಕೊಂಡು ಮೆಟ್ಟಿಲಿಳಿದ.

ಮೂರು ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಆತ ಎಲ್ಲರನ್ನೂ ಆ ಖಾಲಿ ಮನೆಗೆ ಕರೆಸಿದ. ಬಣ್ಣದ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟ. ಅಮ್ಮ ಕುರ್ಚಿಯಲ್ಲಿ, ಅಕ್ಕ ಕಿಟಕಿಯ ಕಟ್ಟೆಯ ಮೇಲೆ, ಬಡಗಿ ಬಾಗಿಲಿಗೊರಗಿ. ಒಂಬೈನೂರು ಚಿತ್ರಗಳು ಒಂದೊಂದಾಗಿ ಸರಿಯತೊಡಗಿದವು. ಈ ಬೂದು ಬಣ್ಣ ಮಾತಾಡುತ್ತದೆ, ಆ ಬೂದು ಬಣ್ಣ ಕೇಳಿಸಿಕೊಳ್ಳುತ್ತದೆ ಎಂದು ಹೇಳುತ್ತಿದ್ದ. ನೂರಾ ನಲವತ್ತನೆಯ ಚಿತ್ರದ ಹೊತ್ತಿಗೆ ಅಮ್ಮನಿಗೆ ಬಚ್ಚಲಿಗೆ ಹೋಗಬೇಕಾಯಿತು.

ಅಕ್ಕ ಕುರ್ಚಿ ತಳ್ಳಿದಳು. ಬಚ್ಚಲಿನ ಬಾಗಿಲಲ್ಲಿ ಅದು ಚೌಕಟ್ಟಿಗೆ ಬಡಿದು ನಿಂತಿತು. ಓರೆ ಮಾಡಿ ನೂಕಿದರು. ಗಾಲಿ ಸಿಕ್ಕಿಹಾಕಿಕೊಂಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅಮ್ಮ ತುಟಿ ಕಚ್ಚಿ ಕೂತಿದ್ದಳು. ಕೊನೆಗೆ ಬಡಗಿ ಕುರ್ಚಿಯನ್ನು ಜಗ್ಗಿ ಹಿಂದಕ್ಕೆಳೆದ. ಅಕ್ಕ ಅಮ್ಮನನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋದಳು.

ಬಡಗಿ ಜೇಬಿನಿಂದ ಟೇಪು ತೆಗೆದು ಎರಡು ಕಡೆ ಹಿಡಿದ. “ಕುರ್ಚಿ ಇಪ್ಪತ್ತಾರು ಇಂಚು. ಬಾಗಿಲು ಇಪ್ಪತ್ನಾಲ್ಕು. ಇಷ್ಟೇ ಸಾರ್ ನಾನು ಕೇಳ್ತಿದ್ದಿದ್ದು.”

ಅಕ್ಕ ಹೊರಗೆ ಬಂದಾಗ ತಮ್ಮ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದ. ‘ಅಗಲದ ಬಾಗಿಲುಗಳು’ ಎಂದು ಹೊಸ ಬೋರ್ಡು ತೆರೆದು ಅದಕ್ಕೆ ಯಾವ ಬಣ್ಣದ ಗುರುತು ಕೊಡುವುದೆಂದು ಯೋಚಿಸುತ್ತಿದ್ದ. ಅವಳು ಪರದೆಯತ್ತ ನೋಡಿದಳು.

“ನೀನು ಚಿತ್ರ ಜೋಡಿಸ್ಕೊಂಡಿರು ಕಣೋ,” ಎಂದಳು. “ಮನೆ ನಾವು ಜೋಡಿಸ್ಕೋತೀವಿ.”

ಆತನಿಗೆ ಮುಖಕ್ಕೆ ಹೊಡೆದಂತಾಯಿತು. ಬಡಗಿಯ ಎದುರಿಗೆ ಹೇಳಿದಳಲ್ಲ ಎಂಬುದೇ ದೊಡ್ಡ ನೋವು. ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ತನ್ನ ದೃಷ್ಟಿಯನ್ನು ಅರ್ಥಮಾಡಿಕೊಳ್ಳುವ ಕಣ್ಣು ಮನೆಯವರಿಗಿಲ್ಲ ಎಂದು ಹೆಂಡತಿಗೆ ಹೇಳಿಕೊಂಡ. ಅವಳು ಹೂಂ ಎಂದು ಹೇಳಿ, ಹಗ್ಗ ಎಳೆದು ಸ್ನಾನಕ್ಕೆ ಹೋದಳು.

ಅಷ್ಟರಲ್ಲಿ ಬಡಗಿ ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಕ್ಕನನ್ನು ನಿಲ್ಲಿಸಿ ಅವಳ ಮೊಣಕೈ ಎತ್ತರ ನೋಡಿ ಮೇಜು ಮಾಡಿದ್ದ. ಗಾರೆಯವನನ್ನು ಕರೆಸಿ ಚೌಕಟ್ಟು ಒಡೆಸಿ ಬಾಗಿಲು ಅಗಲ ಮಾಡಿಸಿದ್ದ. ತಮ್ಮ ಕೊನೆಗೂ ಬಿಗುಮಾನ ಬಿಟ್ಟು ಬಂದಾಗ ಅಮ್ಮ ತಾನೇ ಗಾಲಿ ತಿರುಗಿಸುತ್ತ ಬಚ್ಚಲಿಗೆ ಎರಡು ಸಲ ಹೋಗಿಬಂದು ತೋರಿಸಿದಳು. ಆತ ಸುತ್ತ ಕಣ್ಣಾಡಿಸಿ, ಎಲ್ಲ ಸರಿ, ಆದರೆ ಸ್ವಿಚ್ಚಿನ ಬಿಳಿಗೂ ಗೋಡೆಯ ಬಿಳಿಗೂ ಹೊಂದಾಣಿಕೆಯಿಲ್ಲ ಎಂದ.

ಅಮ್ಮ ನಕ್ಕುಬಿಟ್ಟಳು. “ಸ್ಕೂಲಿಗೆ ಹೋಗೋವಾಗ ಎಲ್ಲಾ ಪುಸ್ತಕಕ್ಕೂ ಎಷ್ಟು ಚೆನ್ನಾಗಿ ರಟ್ಟು ಹಾಕ್ತಿದ್ದೆ ನೀನು. ಅಕ್ಕನ ಪುಸ್ತಕಕ್ಕೂ ಹಾಕ್ಕೊಡ್ತಿದ್ದೆ. ಓದಿದ್ದು ಮಾತ್ರ ಅವಳು.”

ಆತ ಮೇಜಿನ ಅಂಚನ್ನು ಬೆರಳಿಂದ ಸವರಿ ನೋಡಿದ.

ಸುದ್ದಿ ಹೇಗೋ ಕಚೇರಿ ಮುಟ್ಟಿತು. ಬಹುಶಃ ಬಡಗಿಯಿಂದಲೇ. ಯಜಮಾನಿ ಆತನನ್ನು ಕರೆದು, ಇನ್ನು ಮೇಲೆ ನಿಮಗೆ ಮನೆಗಳು ಬೇಡ, ಉಳಿದವರ ಚಿತ್ರ, ನಕ್ಷೆಗಳನ್ನೆಲ್ಲ ಓರಣವಾಗಿಡುವುದೇ ನಿಮ್ಮ ಕೆಲಸ ಎಂದಳು. ಹೊಸ ಕುರ್ಚಿಯನ್ನೂ ಕೊಟ್ಟಳು. ಆತ ಬಡ್ತಿ ಸಿಕ್ಕಿತೆಂದು ಎಲ್ಲರಿಗೂ ಸಿಹಿ ಹಂಚಿದ. ಸುಳ್ಳೇಕೆ ಹೇಳಬೇಕು, ಆ ಕೆಲಸದಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ಐದು ವರ್ಷದ ಹಿಂದೆ ಯಾರೋ ನೋಡಿದ್ದ ನಲ್ಲಿಯ ಚಿತ್ರ ಕೇಳಿದರೂ ಅರ್ಧ ನಿಮಿಷದಲ್ಲಿ ಎದುರಿಗಿಡುತ್ತಿದ್ದ. ಕಚೇರಿ ಒಪ್ಪಿಕೊಂಡ ಮನೆಗಳೂ ಹೇಳಿದ ದಿನಕ್ಕೆ ಮುಗಿಯತೊಡಗಿದವು.

ಭಾನುವಾರ ಈಗಲೂ ಅಕ್ಕನ ಮನೆಗೆ ಹೋಗುತ್ತಾನೆ. ಸುಮ್ಮನೆ ಕೂತಿರುವುದು ಆತನಿಂದಾಗದು ಎಂದು ಅವಳು ಒಂದು ದಿನ ಗುಂಡಿಗಳ ಡಬ್ಬ ಕೊಟ್ಟಳು. ಆತ ಅವನ್ನು ಬಣ್ಣದ ಪ್ರಕಾರ ವಿಂಗಡಿಸಿದ, ಆಮೇಲೆ ತೂತಿನ ಲೆಕ್ಕದಲ್ಲಿ, ಆಮೇಲೆ ಹೊಳಪಿನ ಪ್ರಕಾರ. ಬಾಗಿಲಲ್ಲಿ ಒಬ್ಬಾಕೆ ಅಂಗಿಗಾಗಿ ಕಾಯುತ್ತಿದ್ದಳು.

“ಒಂದು ಬಿಳಿ ಗುಂಡಿ ಕೊಡೋ,” ಎಂದಳು ಅಕ್ಕ.

“ಯಾವ ಬಿಳಿ ಅಕ್ಕಾ?”

ಅಕ್ಕ ಹಳೆಯ ಅಂಗಿಯೊಂದರಿಂದ ಗುಂಡಿ ಕತ್ತರಿಸಿಕೊಂಡು ಸೂಜಿಗೆ ದಾರ ಪೋಣಿಸಿದಳು.