ಖಾಜಾಮಿಯಾರ ದೌರಾ

ಖಾಜಾಮಿಯಾ ಮುಟ್ಟಿದ ಕಾಗದ ಸ್ವಚ್ಛವಾಗಿ ಉಳಿದದ್ದನ್ನು ನಾನು ಕಂಡಿಲ್ಲ. ಅವರ ಬಲಗೈ ಹೆಬ್ಬೆರಳಿನ ಗೆರೆಗಳಲ್ಲಿ ಇಳಿದು ಕೂತಿದ್ದ ಗ್ರೀಸು ಸಾಬೂನಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಜಗ್ಗುತ್ತಿರಲಿಲ್ಲ. ನಾನೋ ಬೀದರಿನ ತಹಶೀಲು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ದುಂಡಗಿನ ಅಕ್ಷರ ಬಿಟ್ಟರೆ ನನಗೆ ಬೇರೆ ಆಸ್ತಿ ಇರಲಿಲ್ಲ. ಉಸಿರು ಬಿಗಿಹಿಡಿದು ಬರೆದ ಕಾಗದವನ್ನು ಅವರು ಎತ್ತಿ ಬೆಳಕಿಗೆ ಹಿಡಿದು, "ವಾಹ್ ಮುನ್ಶಿಜಿ, ಮುತ್ತು ಪೋಣಿಸೀರಿ ನೋಡ್ರಿ" ಎಂದು ಹೊಗಳಿ ಕೆಳಗಿಟ್ಟರೆ ಅಂಚಿನಲ್ಲಿ ಒಂದು ಕಪ್ಪು ಹೆಬ್ಬೆಟ್ಟು. ಉರ್ದುವನ್ನು ನೀರು ಕುಡಿದಂತೆ ಓದುತ್ತಿದ್ದ ಮನುಷ್ಯ. ಆದರೂ ನನ್ನ ಕಾಗದಗಳ ಮೇಲೆ ಅವರು ಒತ್ತಿದಷ್ಟು ಹೆಬ್ಬೆಟ್ಟನ್ನು ಅಕ್ಷರ ಬಾರದವರೂ ಒತ್ತಿರಲಿಕ್ಕಿಲ್ಲ.

ಅವರು ಒಬ್ಬ ಜಾಗೀರುದಾರರ ಮೋಟಾರು ಹೊಡೆಯುತ್ತಿದ್ದವರು. ಪೊಲೀಸ್ ಆ್ಯಕ್ಷನ್ ಆಗಿ ಹೈದರಾಬಾದಿನ ನವಾಬಿ ಮುಗಿದು ಜಾಗೀರು ಹೋಯಿತು, ಜಾಗೀರಿನ ಹಿಂದೆ ಮೋಟಾರೂ ಹೋಯಿತು. ಭಾಲ್ಕಿಯ ಶಿವಲಿಂಗಪ್ಪ ವಕೀಲರು ಅದನ್ನು ಕೊಂಡರು. ಮೋಟಾರಿನ ಜೊತೆ ಜ್ಯಾಕು, ಪಾನಾ, ಖಾಜಾಮಿಯಾ ಎಲ್ಲ ಸೇರಿ ಬಂದರು. ಜಗತ್ತಿನ ಸಕಲ ಪ್ರಾಣಿಗಳನ್ನೂ ಅವರು ಮೋಟಾರೆಂದೇ ತಿಳಿದಿದ್ದರು. ನಮ್ಮ ಶಿರಸ್ತೇದಾರರು ಕೆಮ್ಮಿದರೆ "ಕಾರ್ಬೊರೇಟರ್‌ದಾಗ ಕಸ ಕೂತದ" ಎನ್ನುತ್ತಿದ್ದರು. ನನ್ನ ಬಗ್ಗೆಯೂ ಒಂದು ತೀರ್ಪು ಇತ್ತು: "ಮುನ್ಶಿಜಿ ಇಂಜಿನ್ ಛಲೋ ಅದ, ಆದ್ರ ಬ್ರೇಕ್ ಹಿಡ್ಕೊಂಡೇ ಹೊಡೀತಾರ." ಇದನ್ನು ಕೇಳಿ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಂದಿನಿಂದ ಅವರು ಬೀದರಿಗೆ ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಅವರಿಗೆ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಖಾಯಂ ಆಯಿತು. ನನಗೆ ತಂಗಳು ಆದರೂ ನಡೆಯುತ್ತಿತ್ತು.

ಆ ಕಟ್ಟೆಯ ಮೇಲೆ ಕೂತೇ ಅವರು ನನ್ನ ತಲೆಗೆ ರ್ಯಾಲಿಯನ್ನು ಕಟ್ಟಿದರು. ಹಿಂದೆ ಯಾವಾಗಲೋ ಜಾಗೀರುದಾರ ಸಾಹೇಬರ ಜೊತೆ ಮುಂಬಯಿಗೆ ಹೋದಾಗ ಅಲ್ಲಿ ಮೋಟಾರುಗಳು ಸಾಲು ಹಿಡಿದು ದೂರದ ಊರಿಗೆ ಹೊರಟದ್ದನ್ನು ನೋಡಿದ್ದರಂತೆ.

"ಇದು ಓಟದ ಪಂದ್ಯ ಅಲ್ರಿ ಮುನ್ಶಿಜಿ. ಯಾವ ಗಾಡಿ ಜಲ್ದಿ ಹೋಗ್ತದ ಅನ್ನೂದು ಬ್ಯಾಡೇ ಬ್ಯಾಡ. ಯಾವ ಗಾಡಿ ತಾಳ್ತದ ಅನ್ನೂದು. ಗಾಡಿನೂ ತಾಳಬೇಕು, ಹೊಡಿಯಾಂವನೂ ತಾಳಬೇಕು."

ತಾಳಬೇಕಾದವನು ನಾನು ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಜಿಲ್ಲೆಯಲ್ಲಿ ಮೋಟಾರಿನ ಹುಚ್ಚಿದ್ದವರು ಐವರು: ವಕೀಲರು, ಒಬ್ಬ ಡಾಕ್ಟರು, ಗಂಜ್ ಪೇಟೆಯ ಒಬ್ಬ ಸಾಹುಕಾರ, ಇನ್ನಿಬ್ಬರು ಹಳೆಯ ದೇಶಮುಖರು. ಐವರನ್ನೂ ಖಾಜಾಮಿಯಾ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಒಪ್ಪಿಸಿದರು. ಕಾಯ್ದೆ ಬರೆಯುವುದು ನನ್ನ ಪಾಲಿಗೆ ಬಂತು. ಎರಡು ದಿನ, ಎರಡು ಸುತ್ತು. ಬೀದರಿನ ಅಂಚಿನ ನೌಬಾದದಲ್ಲಿ ಇಂಜಿನ್ ಚಾಲೂ ಮಾಡಿದರೆ ಆ ದಿನದ ಸುತ್ತು ಮುಗಿಸಿ ನೌಬಾದಕ್ಕೆ ಮರಳುವವರೆಗೆ ಬಂದ್ ಮಾಡುವಂತಿಲ್ಲ; ಮಾಡಿದವರು ಔಟ್. ಎಲ್ಲಿಯೂ ಎತ್ತು ಕಟ್ಟಿ ಎಳೆಸುವಂತಿಲ್ಲ. ಇಷ್ಟನ್ನು ಐದು ಪ್ರತಿ ಮಾಡಿ ಮುಗಿಸುವಷ್ಟರಲ್ಲಿ ಅವರು ಮತ್ತೊಂದು ಕಾಯ್ದೆ ಹೊತ್ತು ಬರುತ್ತಿದ್ದರು. ಬೈದೆ, ಬೇಡಿಕೊಂಡೆ, ಒಂದು ದಿನ ಲೆಕ್ಕಣಿಕೆಯನ್ನೇ ಎಸೆದೆ. ಅವರು ಅದನ್ನು ಎತ್ತಿ, ಮೊನೆ ನೋಡಿ, "ನಿಬ್ ಬಾಗೇದ, ನೆಟ್ಟಗ ಮಾಡ್ಕೊಡ್ತೇನಿ ಕೊಡ್ರಿ" ಎಂದರು.

ದೊಡ್ಡ ಜಗಳ ನಡೆದದ್ದು ದಾರಿಯ ಬಗ್ಗೆ. ಬೀದರ್, ಭಾಲ್ಕಿ, ಔರಾದ, ಸಂತಪುರ, ಮರಳಿ ಬೀದರ್ ಎಂದು ಎಲ್ಲರೂ ಒಪ್ಪಿದ್ದರು. ಖಾಜಾಮಿಯಾ ಮಾತ್ರ ನಡುವೆ ಎಕಂಬಾ ಬರಬೇಕೆಂದು ಪಟ್ಟು ಹಿಡಿದರು. ಆ ಊರಿಗೆ ಬಂಡಿಯ ದಾರಿ ಬಿಟ್ಟರೆ ಏನೂ ಇರಲಿಲ್ಲ.

"ಎಕಂಬಾದಾಗ ಏನದೋ? ಜ್ವಾಳದ ಹೊಲ ಬಿಟ್ರ ಏನದ?" ಎಂದು ವಕೀಲರು ಕೂಗಾಡಿದರು.

"ಮಂದಿ ಅದಾರಲ್ರಿ" ಎಂದರು ಖಾಜಾಮಿಯಾ.

ಬೇರೆ ಎಲ್ಲ ಮಾತನ್ನೂ ಬಿಟ್ಟುಕೊಡುವ ಮನುಷ್ಯ ಇದೊಂದಕ್ಕೆ ಮಣಿಯಲಿಲ್ಲ. ನಮ್ಮ ಮಾತೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ನಾನು ಕಟ್ಟೆಯ ಮೇಲೆ ಅವರನ್ನು ಹಿಡಿದು ಕೂಡಿಸಿ, ಕಾರಣ ಹೇಳದಿದ್ದರೆ ಇನ್ನೊಂದು ಅಕ್ಷರ ಬರೆಯುವುದಿಲ್ಲ ಎಂದೆ. ಅವರು ರೊಟ್ಟಿಯನ್ನು ತಾಟಿನಲ್ಲಿಟ್ಟು ಹೇಳಿದರು.

"ಪೊಲೀಸ್ ಆ್ಯಕ್ಷನ್ ಆದ ವರ್ಷ ಮೊದಲ ಒಂದು ಥರದ ಮಂದಿ ಬಂದೂಕ ಹಿಡ್ಕೊಂಡು ಬಂದು ಸಾಹೇಬರ ಗಾಡಿ ತಗೊಂಡ್ರು. ಗಾಡಿ ಜೋಡಿ ನನ್ನೂ. ಆಮ್ಯಾಲ ಅವರು ಹೋದ್ರು, ಬ್ಯಾರೆ ಥರದ ಮಂದಿ ಬಂದೂಕ ಹಿಡ್ಕೊಂಡು ಬಂದ್ರು. ಅದೇ ಗಾಡಿ, ಅದೇ ನಾ. ಎರಡೂ ಸಲ ಎಕಂಬಾಕ ಹೋದೆ. ಇಲ್ಲ ಅನ್ನೂ ಧೈರ್ಯ ನನಗಿಲ್ರಿ. ಊರು ಇನ್ನಾ ಅರ್ಧ ಮೈಲು ಇರೂವಾಗೇ ಹಾರ್ನ್ ಹೊಡದೆ. ಹೊಡದೇ ಹೊಡದೆ. ಎಮ್ಮಿ ಅಡ್ಡ ಬಂದದ ಅಂತ ಸುಳ್ಳ ಹೇಳ್ದೆ. ಮಂದಿ ಕೇಳಿ ಓಡ್ಲಿ ಅಂತ. ಓಡಿದ್ರು, ಉಳಕೊಂಡ್ರು. ಆದ್ರ ಈಗೂ ಓಡ್ತಾರ್ರಿ! ಮೊನ್ನಿ ಡಾಕ್ಟರ್ ಸಾಹೇಬ್ರು ಹೆರಿಗಿ ಸಲುವಾಗಿ ಗಾಡಿ ತಗೊಂಡು ಹೋದ್ರ, ಬ್ಯಾನಿ ತಿನ್ನೂ ಹೆಂಗಸು ಸುದ್ದಾ ಹೊಲದಾಗ ಹೋಗಿ ಅಡಗಿದ್ಳಂತ. ಓಡೂದು ಕಲಿಸಿದಾಂವ ನಾನೇ. ಬಿಡಸೂದೂ ನಾನೇ ಬಿಡಸಬೇಕು. ಒಂದು ಗಾಡಿ ಹೋದ್ರ ಅಂಜ್ತಾರ. ಐದು ಗಾಡಿ ಹೂವಿನ ಮಾಲಿ ಹಾಕ್ಕೊಂಡು, ನಕ್ಕೋತ ಕುಣಕೋತ ಹೋದ್ರ ಅಂಜ್ತಾರೇನು?"

ಅವರ ಮಾತಿನಲ್ಲಿ ನಾಲ್ಕಾಣೆ ಖರೆ, ಹನ್ನೆರಡಾಣೆ ಗಾಳಿ ಎಂದು ಊರಿಗೆಲ್ಲ ಗೊತ್ತಿತ್ತು. ಆ ಹಾರ್ನಿನ ಕಥೆ ಯಾವ ಪಾಲಿನದೆಂದು ನನಗೆ ಇಂದಿಗೂ ತಿಳಿಯದು. ಆದರೆ ಅಂದು ಅವರು ತಾಟಿನಲ್ಲಿಟ್ಟ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ನಾನು ಎಕಂಬಾ ಎಂದು ಬರೆದೆ.

ಮುಂದಿನ ತಪ್ಪು ನನ್ನದು, ಅಪ್ಪಟ ನನ್ನದು. ಎಕಂಬಾದವರಿಗೆ ಮುಂಚಿತವಾಗಿ ತಿಳಿಸಿದರೆ ಗಾಬರಿಯಾಗಲಾರರು ಎಂಬ ಜಾಣತನ ನನಗೆ ಹೊಳೆಯಿತು. ರ್ಯಾಲಿ ಎಂದು ಬರೆಯುವ ಹಾಗಿರಲಿಲ್ಲ. ಆಗಿನ ದಿನಗಳಲ್ಲಿ ಆ ಶಬ್ದ ಕೇಳಿದರೆ ರಾಜಕೀಯದ ಸಭೆ ಎಂದು ಮೇಲಿನವರು ಕರೆಸಿ ವಿಚಾರಿಸುತ್ತಿದ್ದರು. ಹೀಗಾಗಿ ಕಚೇರಿಯಲ್ಲಿ ಕಲಿತ ಭಾಷೆಯಲ್ಲೇ, ಬಲಕ್ಕೆ ಉರ್ದು, ಎಡಕ್ಕೆ ಕನ್ನಡ ಬರೆದೆ: "ಬರುವ ಸೋಮವಾರ ಐದು ಮೋಟಾರುಗಳ ದೌರಾ ತಮ್ಮ ಗ್ರಾಮಕ್ಕೆ ಮುಕರ್ರರ್ ಆಗಿರುತ್ತದೆ. ಗ್ರಾಮಸ್ಥರೆಲ್ಲರೂ ತಪ್ಪದೆ ಹಾಜರಿರತಕ್ಕದ್ದು." ನನ್ನ ಜೀವಮಾನದಲ್ಲೇ ಅಷ್ಟು ಸುಂದರವಾಗಿ ಬರೆದಿರಲಿಲ್ಲ. ಹೆಬ್ಬೆಟ್ಟು ಬೀಳಬಾರದೆಂದು ಆ ಕಾಗದವನ್ನು ಖಾಜಾಮಿಯಾರ ಕಣ್ಣಿಗೂ ಬೀಳಿಸದೆ ಎಕಂಬಾಕ್ಕೆ ಕಳುಹಿಸಿಬಿಟ್ಟೆ.

ಎಳ್ಳಮಾವಾಸ್ಯೆ ಮುಗಿದ ಮೇಲಿನ ಸೋಮವಾರ ಬೆಳಿಗ್ಗೆ ನೌಬಾದದಿಂದ ಐದು ಗಾಡಿಗಳು ಚೆಂಡುಹೂವಿನ ಮಾಲೆ ಹಾಕಿಕೊಂಡು ಹೊರಟವು. ವಕೀಲರ ಗಾಡಿಯನ್ನು ಖಾಜಾಮಿಯಾ ಹೊಡೆಯುತ್ತಿದ್ದರು. ಹಿಂದೆ ವಕೀಲರು ಶಾಲು ಹೊದ್ದು ಕೂತಿದ್ದರು. ಡಾಕ್ಟರನ್ನು ಸೋಲಿಸದೆ ಮನೆಗೆ ಮರಳುವುದಿಲ್ಲವೆಂದು ಹೆಂಡತಿಗೆ ಹೇಳಿ ಬಂದಿದ್ದರು. ನಾನು ಗಡಿಯಾರ ಹಿಡಿದು ಮುಂದೆ ಕೂತಿದ್ದೆ. ಭಾಲ್ಕಿಯವರೆಗೆ ಎಲ್ಲ ಸುಸೂತ್ರ. ಮಾಂಜ್ರಾ ನದಿಯ ಮರಳಿನಲ್ಲಿ ಐದೂ ಗಾಡಿಗಳು ಹೂತುಕೊಂಡವು. ಎತ್ತು ಕಟ್ಟುವಂತಿಲ್ಲ ಎಂದು ನಾನು ಕಾಯ್ದೆ ಓದಿದೆ.

ವಕೀಲರು ದಡದಲ್ಲಿ ಮೇಯುತ್ತಿದ್ದ ಎರಡು ಕೋಣಗಳನ್ನು ನೋಡಿದರು. "ಎತ್ತು ಅಂತ ಬರ್ದೀರಿ ಮುನ್ಶಿ. ಕೋಣ ಅಂತ ಎಲ್ಲಿ ಬರ್ದೀರಿ, ತೋರಸ್ರಿ?"

ಐದೂ ಗಾಡಿಗಳು ಕೋಣ ಕಟ್ಟಿಸಿಕೊಂಡೇ ದಡ ಹತ್ತಿದವು. ಇಂಜಿನ್ ಮಾತ್ರ ಯಾರೂ ಬಂದ್ ಮಾಡಲಿಲ್ಲ. ನಮ್ಮದೇ ಮುಂದಿತ್ತು.

ಎಕಂಬಾ ಹತ್ತಿರ ಬಂದಂತೆ ಖಾಜಾಮಿಯಾ ಗಾಡಿ ನಿಧಾನ ಮಾಡಿದರು. ಹಾರ್ನಿನ ಕಡೆ ಕೈ ಒಯ್ಯಲಿಲ್ಲ. ಊರೊಳಗೆ ಹೊಕ್ಕೆವು. ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಮನೆಯ ಒಲೆಯ ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆ ಬರುತ್ತಿತ್ತು. ಓಣಿಯ ನಡುವೆ ಯಾರದೋ ಒಂದೇ ಒಂದು ಕೆರ ಬಿದ್ದಿತ್ತು. ಊರಾಚೆ ಆಳೆತ್ತರದ ಬಿಳಿಜೋಳ ಗಾಳಿಯಿಲ್ಲದೆ ಅಲ್ಲಾಡುತ್ತಿತ್ತು. ಚಾವಡಿಯ ಗೋಡೆಯ ಮೇಲೆ ನನ್ನ ಕಾಗದ ಅಂಟಿಸಿದ್ದರು. ಖಾಜಾಮಿಯಾ ಇಳಿದು ಹೋಗಿ ಅದನ್ನು ಎರಡು ಸಲ ಓದಿದರು.

"ದೌರಾ ಅಂತ ಬರ್ದೀರಿ ಮುನ್ಶಿಜಿ" ಎಂದರು. ಸಿಟ್ಟಿರಲಿಲ್ಲ. "ಹಾಜರ್ ಅಂತನೂ ಬರ್ದೀರಿ. ನಾ ಈ ಊರಾಗ ಇದ್ದಿದ್ರ ನಾನೂ ಓಡ್ತಿದ್ದೆ."

ನಮ್ಮ ಸೀಮೆಯಲ್ಲಿ ದೌರಾ ಎಂದರೆ ಅಧಿಕಾರಿಯ ಸವಾರಿ. ತುಪ್ಪ, ಕೋಳಿ, ಬಿಟ್ಟಿಯ ಆಳು ಎಲ್ಲ ಊರವರೇ ಕೊಡಬೇಕು. ಬಂದೂಕಿನವರು ಬಂದ ಆ ವರ್ಷ ಅದಕ್ಕಿಂತ ಕೆಟ್ಟದ್ದು. ದಿನವೂ ಬರೆಯುವ ಶಬ್ದದೊಳಗೆ ಏನಿದೆಯೆಂದು ಬರೆಯುವವನಿಗೇ ಗೊತ್ತಿರಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಉಳಿದ ನಾಲ್ಕು ಗಾಡಿಗಳು ಧೂಳೆಬ್ಬಿಸಿಕೊಂಡು ನಮ್ಮನ್ನು ದಾಟಿ ಔರಾದದ ಕಡೆ ಹೋದವು. ಡಾಕ್ಟರು ಕೈ ಬೀಸಿದರು. ವಕೀಲರು ಸೀಟಿನ ಮೇಲೆ ಎದ್ದು ನಿಂತು, "ಖಾಜಾ, ಹತ್ತೋ! ಹೊಡಿಯೋ!" ಎಂದು ಅರಚಿದರು.

ಖಾಜಾಮಿಯಾ ಗಾಡಿಗೆ ಬಂದು, ಕೈ ಹಾಕಿ, ಇಂಜಿನ್ ಬಂದ್ ಮಾಡಿದರು.

"ಸಪ್ಪಳ ನಿಲ್ಲೂ ತನಕಾ ಅವರು ಹೊರಗ ಬರಂಗಿಲ್ರಿ ವಕೀಲಸಾಬ."

"ಔಟ್ ಆದ್ವಲ್ಲೋ! ನಿಂದೇ ಕಾಯ್ದೆ, ನೀನೇ ಔಟ್ ಆದೆಲ್ಲೋ!"

"ಆದೇನ್ರಿ" ಎಂದು ಚಾವಡಿ ಕಟ್ಟೆಯ ಮೇಲೆ ಹೋಗಿ ಕೂತರು. ಹಾಳೂರಿಗೆ ಉಳಿದವನೇ ಗೌಡ. ನಾನೂ ಪಕ್ಕದಲ್ಲಿ ಕೂತೆ. ಇನ್ನೇನು ಮಾಡಲಿ? ವಕೀಲರು ಕಾಯ್ದೆಯ ಪುಸ್ತಕದಲ್ಲಿರುವ ಬೈಗುಳವನ್ನೂ ಇಲ್ಲದ ಬೈಗುಳವನ್ನೂ ಬೈದು, ದಣಿದು, ಗಾಡಿಯಲ್ಲೇ ಮುಸುಕು ಹಾಕಿಕೊಂಡು ಮಲಗಿದರು.

ಬಹಳ ಹೊತ್ತಿನ ಮೇಲೆ ಎದುರು ಮನೆಯ ಒಳಗಿಂದ ದನಿ ಬಂತು. ಓಡಲಾಗದೆ ಉಳಿದಿದ್ದ ಒಬ್ಬ ಮುದುಕಿ.

"ಯಾರ್ನ ಒಯ್ಲಕ ಬಂದೀರಪಾ?"

"ಯಾರ್ನೂ ಇಲ್ಲಬೇ ಅವ್ವಾ. ಗಾಡಿಗಿ ನೀರು ಬೇಕಾಗ್ಯಾವ" ಎಂದರು ಖಾಜಾಮಿಯಾ.

"ಬಾವ್ಯಾಗ ಅವ. ಸೇದ್ಕೊ, ಹೋಗು."

ಖಾಜಾಮಿಯಾ ಎದ್ದು ಬಾಗಿಲ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತರು. ಆ ವರ್ಷ ಹಾರ್ನ್ ಕೇಳಿತ್ತೇನು, ಅದನ್ನು ಹೊಡೆದವನು ತಾನೇ ಎಂದು ಮೆಲ್ಲಗೆ ಹೇಳಿದರು. ಶಾಭಾಸ್ ಅನ್ನಿಸಿಕೊಳ್ಳಲು ಹೇಳಿದರೋ, ಕ್ಷಮೆ ಕೇಳಲು ಹೇಳಿದರೋ ಅವರಿಗೇ ತಿಳಿದಿತ್ತೋ ಇಲ್ಲವೋ.

ಮುದುಕಿ ಅವರನ್ನು ದಿಟ್ಟಿಸಿ ನೋಡಿದಳು. "ಹಾರ್ನ್ ಕೇಳ್ತು, ಓಡಿದ್ವಿ. ಯಾರು ಹೊಡದ್ರೋ, ಯಾಕ ಹೊಡದ್ರೋ, ಓಡೂ ಮಂದಿಗಿ ಏನು ಗೊತ್ತಾಗ್ತದಪಾ?"

ಖಾಜಾಮಿಯಾ ಎದ್ದರು. ಬಾವಿಗೆ ಹೋಗಿ ಮೊದಲು ಮುದುಕಿಯ ಕೊಡ ತುಂಬಿಸಿಕೊಟ್ಟು, ಆಮೇಲೆ ಗಾಡಿಗೆ ನೀರು ಹಾಕಿದರು.

ದನ ಮನೆಗೆ ಬರುವ ಹೊತ್ತಿಗೆ ಜೋಳದಿಂದ ಒಬ್ಬೊಬ್ಬರೇ ಹೊರಗೆ ಬಂದರು. ದೂರದಲ್ಲೇ ನಿಂತರು. ಖಾಜಾಮಿಯಾ ಗಾಡಿಯ ಮಾಲೆ ಬಿಚ್ಚಿ ಚಾವಡಿ ಕಟ್ಟೆಯ ಮೇಲಿಟ್ಟು ಸಲಾಮು ಮಾಡಿದರು. ಯಾರೂ ಮಾಲೆ ಮುಟ್ಟಲಿಲ್ಲ. ಹೊರಡುವಾಗ ಇಂಜಿನ್ ಚಾಲೂ ಆಯಿತು, ಮಂದಿ ಮತ್ತೆ ಓಡಿದರು. ನನಗೆ ಅಳು ಬಂತು. ಖಾಜಾಮಿಯಾ ತಿರುಗಿ ನೋಡಿ ಲೆಕ್ಕ ಹಾಕುತ್ತಿದ್ದರು.

"ಈ ಸಲ ಬೇಲಿ ತನಕಾ ಓಡ್ಯಾರ ನೋಡ್ರಿ. ಹೊಲದ ತನಕಾ ಹೋಗಿಲ್ಲ."

ರ್ಯಾಲಿಯ ಎರಡನೆಯ ಸುತ್ತು ನಡೆಯಲೇ ಇಲ್ಲ. ಡಾಕ್ಟರ ಗಾಡಿ ಗೆದ್ದಿತೆಂದು ಡಾಕ್ಟರೇ ಹೇಳಿಕೊಂಡು ತಿರುಗಿದರು. ವಕೀಲರು ಖಾಜಾಮಿಯಾರನ್ನು ಕೆಲಸದಿಂದ ಬಿಡಿಸಿದರು. ಅವರು ಔರಾದದ ಸರ್ವಿಸ್ ಮೋಟಾರು ಬಸ್ಸಿಗೆ ಡ್ರೈವರ್ ಆಗಿ ಸೇರಿ, ಅದನ್ನು ಎಕಂಬಾದವರೆಗೆ ಬಿಡಬೇಕೆಂದು ನನ್ನಿಂದ ಅರ್ಜಿಯ ಮೇಲೆ ಅರ್ಜಿ ಬರೆಸತೊಡಗಿದರು. ಒಂದೊಂದು ಶಬ್ದಕ್ಕೂ "ಇದರ ಅರ್ಥ ಏನ್ರಿ? ಹಳ್ಳ್ಯಾಗ ಇದಕ್ಕೇನಂತಾರ್ರಿ?" ಎಂದು ಪ್ರಾಣ ತಿನ್ನುತ್ತಿದ್ದರು. ವರ್ಷಗಟ್ಟಲೆ ತಿಂದರು. ಇಂಥ ಪೀಡೆ ಯಾವ ಗುಮಾಸ್ತನಿಗೂ ಬೇಡ ಎಂದುಕೊಳ್ಳುತ್ತಲೇ ಬರೆದೆ. ಅವರು ತೀರಿಕೊಂಡ ಸುದ್ದಿ ನನಗೆ ವರ್ಗವಾಗಿ ಹೋದ ಊರಿನಲ್ಲಿ, ತಿಂಗಳು ತಡವಾಗಿ ತಿಳಿಯಿತು. ಅಂದು ಕಚೇರಿಯಲ್ಲಿ ಒಂದು ಸಾಲೂ ಬರೆಯಲಾಗಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಹೈದರಾಬಾದ್ ರಾಜ್ಯ ಒಡೆದು ಬೀದರ್ ಮೈಸೂರಿಗೆ ಸೇರಿದ ವರ್ಷ. ಎಕಂಬಾದ ಅರ್ಜಿ ಕೊನೆಗೂ ಮಂಜೂರಾಗಿತ್ತು. ನನ್ನ ವರ್ಗದ ಹುಕುಂ ಕೈಯಲ್ಲಿತ್ತು. ಹೇಳಿ ಹೋಗೋಣವೆಂದು ಅವರ ಮೋಟಾರು ಹತ್ತಿ ಎಕಂಬಾದವರೆಗೆ ಹೋದೆ. ಊರು ಕಾಣುತ್ತಲೇ ಹೊಲದಿಂದ, ಓಣಿಯಿಂದ ಮಂದಿ ಗಂಟು ಹೊತ್ತು, ಧೋತರ ಎತ್ತಿ ಹಿಡಿದು, ಕೂಸುಗಳನ್ನು ಬಗಲಲ್ಲಿ ಇಟ್ಟುಕೊಂಡು ಓಡತೊಡಗಿದರು. ಜಾಗ ಹಿಡಿಯಲು ಮೋಟಾರಿನ ಕಡೆಗೆ ಓಡಿ ಬರುತ್ತಿದ್ದರು.

"ಓಡಬ್ಯಾಡ್ರೀ! ಎಲ್ಲಾರ್ನೂ ಹತ್ತಿಸ್ಕೊಂಡೇ ಹೋಗ್ತೇನಿ, ಓಡಬ್ಯಾಡ್ರೀ!" ಎಂದು ಖಾಜಾಮಿಯಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. ಯಾರೂ ಕೇಳಲಿಲ್ಲ. ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಬೇಸರ.

"ನೋಡ್ರಿ ಮುನ್ಶಿಜಿ, ಇಷ್ಟು ವರ್ಷ ಆದ್ರೂ ಓಡೂದು ಬಿಟ್ಟಿಲ್ಲ ಈ ಮಂದಿ."